ಶುಷ್ಕಕಾರಿ ತೇವಾಂಶ ನಿವಾರಕ

ಶುಷ್ಕಕಾರಿ ತೇವಾಂಶ ನಿವಾರಕವು ಒಳಾಂಗಣದ ಗಾಳಿಯಲ್ಲಿರುವ ನೀರಾವಿಯನ್ನು ಸಿಲಿಕಾ ಜೆಲ್ ಅಥವಾ ಜಿಯೋಲೈಟ್‌ನಂತಹ ತೇವ ಹೀರುವ ಪದಾರ್ಥದ ಮೂಲಕ ತೆಗೆಯುವ ಯಂತ್ರ. ಮಾರುಕಟ್ಟೆಯಲ್ಲಿ ಇದು ಡೆಸಿಕೆಂಟ್ ಡಿಹ್ಯೂಮಿಡಿಫೈಯರ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಭದ್ರವಾಗಿ ಮುಚ್ಚಿದ ಸಣ್ಣ ಕೋಣೆಯ ಗಾಳಿಯನ್ನು ಇದು ಸುಮಾರು ಒಂದು ಗಂಟೆಯಲ್ಲಿ ಒಣಗಿಸಬಲ್ಲದು. ಆದರೆ ಅದೇ ಕೋಣೆಯಲ್ಲಿರುವ ಚರ್ಮ, ಬಟ್ಟೆ, ಧಾನ್ಯ ಒಣಗಲು ದಿನಗಳು ಬೇಕು; ನೆನೆದ ಗೋಡೆಗೆ ತಿಂಗಳುಗಳೇ ಬೇಕು. ಈ ವ್ಯತ್ಯಾಸದ ಕಾರಣಗಳನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

ಕಾರ್ಯವಿಧಾನ

ಯಂತ್ರದ ಒಳಗೆ ಜೇನುಗೂಡಿನಂತೆ ರಂಧ್ರಗಳಿರುವ ಒಂದು ಚಕ್ರವಿದ್ದು, ಅದರ ಮೈಗೆ ತೇವ ಹೀರುವ ಪದಾರ್ಥವನ್ನು ಲೇಪಿಸಿರುತ್ತಾರೆ. ಚಕ್ರವು ಬಹಳ ನಿಧಾನವಾಗಿ ತಿರುಗುತ್ತದೆ. ಅದರ ದೊಡ್ಡ ಭಾಗದ ಮೂಲಕ ಕೋಣೆಯ ಗಾಳಿ ಹಾದುಹೋಗುವಾಗ ನೀರಾವಿಯು ಲೇಪನದ ಸೂಕ್ಷ್ಮ ರಂಧ್ರಗಳಲ್ಲಿ ಅಂಟಿಕೊಳ್ಳುತ್ತದೆ. ಉಳಿದ ಸಣ್ಣ ಭಾಗದ ಮೂಲಕ ಕಾಯಿಸಿದ ಗಾಳಿಯನ್ನು ಹಾಯಿಸಿ ಹೀರಿದ ನೀರನ್ನು ಬಿಡಿಸಲಾಗುತ್ತದೆ. ದೊಡ್ಡ ಕೈಗಾರಿಕಾ ಯಂತ್ರಗಳಲ್ಲಿ ಈ ತೇವಭರಿತ ಬಿಸಿಗಾಳಿಯನ್ನು ಕೊಳವೆಯ ಮೂಲಕ ಕಟ್ಟಡದ ಹೊರಗೆ ಬಿಡುತ್ತಾರೆ. ಮನೆಬಳಕೆಯ ಯಂತ್ರಗಳಲ್ಲಿ ಅದನ್ನು ತಣಿಸಿ, ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಲಾಗುತ್ತದೆ. ಕಾಯಿಸಲು ಬಳಸಿದ ಶಾಖವು ಕೋಣೆಯಲ್ಲೇ ಉಳಿಯುತ್ತದೆ.

ಗಾಳಿ ಒಣಗಲು ಬೇಕಾದ ಸಮಯ

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯು ಗರಿಷ್ಠ 23 ಗ್ರಾಂನಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮಳೆಗಾಲದಲ್ಲಿ ಸಾಪೇಕ್ಷ ಆರ್ದ್ರತೆ 80 ಪ್ರತಿಶತ ಇದ್ದರೆ ಅದರಲ್ಲಿ ಸುಮಾರು 18.4 ಗ್ರಾಂ ನೀರಿರುತ್ತದೆ. ಆರ್ದ್ರತೆಯನ್ನು 50 ಪ್ರತಿಶತಕ್ಕೆ ಇಳಿಸಿದಾಗ 11.5 ಗ್ರಾಂ ಉಳಿಯುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಆದ್ದರಿಂದ ತೆಗೆಯಬೇಕಾದ ನೀರು ಕೇವಲ 235 ಗ್ರಾಂ, ಅಂದರೆ ಒಂದು ದೊಡ್ಡ ಲೋಟದಷ್ಟು. ದಿನಕ್ಕೆ 7 ಲೀಟರ್ ತೆಗೆಯುವ ಯಂತ್ರವು ಗಂಟೆಗೆ ಸುಮಾರು 290 ಗ್ರಾಂ ತೆಗೆಯುತ್ತದೆ. ಲೆಕ್ಕದ ಪ್ರಕಾರ ಐವತ್ತು ನಿಮಿಷದಲ್ಲಿ ಕೆಲಸ ಮುಗಿಯಬೇಕು.

ವಾಸ್ತವದಲ್ಲಿ ಹಾಗೆ ಮುಗಿಯುವುದು ಅಪರೂಪ. ಯಂತ್ರದ ಮೇಲೆ ನಮೂದಿಸಿದ ಲೀಟರ್ ಪ್ರಮಾಣವು ಒಂದು ನಿಗದಿತ ಉಷ್ಣತೆ ಮತ್ತು ಆರ್ದ್ರತೆಯಲ್ಲಿ ಅಳೆದದ್ದಾಗಿದ್ದು, ಗಾಳಿ ಒಣಗುತ್ತ ಹೋದಂತೆ ಯಂತ್ರಕ್ಕೆ ಸಿಗುವ ನೀರೂ ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯವಾದ ಮೂರು ಕಾರಣಗಳು ಕೋಣೆಯಲ್ಲೇ ಇವೆ.

ಉಷ್ಣತೆ ಮತ್ತು ಮಾಪಕದ ಓದು

ಮನೆಬಳಕೆಯ ಯಂತ್ರವು ಕೋಣೆಯನ್ನು ಬೆಚ್ಚಗಾಗಿಸುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ನೀರನ್ನು ಹಿಡಿಯಬಲ್ಲದ್ದರಿಂದ, ಒಂದು ಹನಿ ನೀರನ್ನೂ ತೆಗೆಯದೆ ಕೋಣೆಯನ್ನು 25ರಿಂದ 28 ಡಿಗ್ರಿಗೆ ಏರಿಸಿದರೂ 80 ಪ್ರತಿಶತ ಇದ್ದ ಸಾಪೇಕ್ಷ ಆರ್ದ್ರತೆ 68ರ ಸಮೀಪಕ್ಕೆ ಇಳಿಯುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಮಾಪಕ ತೋರಿಸುವ ವೇಗದ ಇಳಿಕೆಯಲ್ಲಿ ಇಂತಹ ಪಾಲು ಗಣನೀಯವಾಗಿರುತ್ತದೆ. ಯಂತ್ರ ನಿಲ್ಲಿಸಿ ಕೋಣೆ ತಣ್ಣಗಾದೊಡನೆ ಅಂಕಿ ಮತ್ತೆ ಮೇಲೇರುವುದು ಇದೇ ಕಾರಣದಿಂದ. ನಿಜವಾಗಿ ಹೊರಬಂದ ನೀರನ್ನು ತಿಳಿಯಲು ಮಾಪಕಕ್ಕಿಂತ ತೊಟ್ಟಿಯನ್ನು ನೋಡುವುದು ಮೇಲು.

ಹೊರಗಾಳಿಯ ಪ್ರವೇಶ

ಬಾಗಿಲು, ಕಿಟಕಿ, ಸೂರಿನ ಸಂದುಗಳಿಂದ ಹೊರಗಿನ ಗಾಳಿ ಸದಾ ಒಳಬರುತ್ತಿರುತ್ತದೆ. ಹೊರಗೂ ಒಳಗಿನಷ್ಟೇ ಉಷ್ಣತೆ ಇದ್ದು, ಆರ್ದ್ರತೆ 80 ಪ್ರತಿಶತ ಇದೆ ಎಂದುಕೊಂಡರೆ, ಕೋಣೆಯ ಗಾಳಿಯೆಲ್ಲ ಗಂಟೆಗೆ ಮೂರು ಬಾರಿ ಬದಲಾಗುವಾಗ ಮೇಲೆ ಹೇಳಿದ ಯಂತ್ರವು ಆರ್ದ್ರತೆಯನ್ನು ಸುಮಾರು 68 ಪ್ರತಿಶತಕ್ಕೆ ಇಳಿಸಿ ಅಲ್ಲೇ ನಿಂತುಬಿಡುತ್ತದೆ. ಗಂಟೆಗೆ ಐದು ಬಾರಿ ಬದಲಾದರೆ 73ಕ್ಕೇ ನಿಲ್ಲುತ್ತದೆ. ಆಮೇಲೆ ಯಂತ್ರವನ್ನು ಇಡೀ ದಿನ ಓಡಿಸಿದರೂ ಲಾಭವಿಲ್ಲ. ವಿದ್ಯುತ್ ಮಾತ್ರ ಖರ್ಚಾಗುತ್ತದೆ. ನಾಡಹಂಚಿನ ಮನೆ, ತಗಡಿನ ಶೆಡ್‌ಗಳಲ್ಲಿ ಸಂದು ಮುಚ್ಚುವುದು ದೊಡ್ಡ ಯಂತ್ರ ಕೊಳ್ಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ನೆಲದೊಳಗಿನ ಹಗೇವುಗಳೂ ಹೊರಗಾಳಿಯನ್ನು ತಡೆಯುವ ಈ ತತ್ವವನ್ನೇ ಆಧರಿಸಿದ್ದವು.

ಪಶ್ಚಿಮ ಘಟ್ಟಕ್ಕೆ ಹತ್ತಿರವಿರುವ ನಿಪ್ಪಾಣಿಯ ಕಡೆ ಮಳೆ ಹೆಚ್ಚು, ಪೂರ್ವದ ಅಥಣಿಯ ಕಡೆ ಕಡಿಮೆ. ಮಳೆಗಾಲ ಮುಗಿದು ಹೊರಗಾಳಿ ಒಣಗಿದ ಮೇಲೆ ಎರಡೂ ಕಡೆ ಕಿಟಕಿ ತೆರೆಯುವುದೇ ಅಗ್ಗದ ಉಪಾಯ.

ವಸ್ತುಗಳಲ್ಲಿ ಅಡಗಿರುವ ನೀರು

ಕೋಣೆಯ ಒಟ್ಟು ನೀರಿನಲ್ಲಿ ಗಾಳಿಯದು ಅತಿ ಚಿಕ್ಕ ಪಾಲು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗಗಳಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ಇದಕ್ಕೆ ಒಳ್ಳೆಯ ಉದಾಹರಣೆ. 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ತಲಾ ನಾಲ್ಕು ಜಿಲ್ಲೆಗಳಿಗೆ ಭೌಗೋಳಿಕ ಸೂಚಕ ದೊರೆತ ಈ ಚಪ್ಪಲಿಗೆ ಜಾಲಿಯ ತೊಗಟೆ, ಅಳಲೆಕಾಯಿ ಮುಂತಾದ ಸಸ್ಯ ಪದಾರ್ಥಗಳಿಂದ ಹದ ಮಾಡಿದ ಚರ್ಮವನ್ನು ಬಳಸುತ್ತಾರೆ. ಇಂತಹ ಚರ್ಮ ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಬೂಷ್ಟು ಹಿಡಿಯುತ್ತದೆ. ಸಾಪೇಕ್ಷ ಆರ್ದ್ರತೆ 70 ಪ್ರತಿಶತವನ್ನು ದಾಟಿ ಹಲವು ದಿನ ಉಳಿದರೆ ಬೂಷ್ಟಿಗೆ ಅನುಕೂಲ. 65ಕ್ಕಿಂತ ಕೆಳಗೆ ಅದರ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ.

ದಾಸ್ತಾನು ಕೋಣೆಯಲ್ಲಿ 50 ಕಿಲೋ ಚರ್ಮವಿದ್ದು, ಅದರ ತೂಕದ 6 ಪ್ರತಿಶತದಷ್ಟು ತೇವ ಇಳಿಯಬೇಕೆಂದರೆ ಹೊರಬರಬೇಕಾದ ನೀರು 3 ಲೀಟರ್. ಇದು ಕೋಣೆಯ ಗಾಳಿಯಿಂದ ತೆಗೆಯಬೇಕಾದ ನೀರಿನ ಹನ್ನೆರಡು ಪಟ್ಟಿಗಿಂತ ಹೆಚ್ಚು. ಯಂತ್ರಕ್ಕೆ ಇದು ಹತ್ತು ಗಂಟೆಗಳ ಕೆಲಸವಾದರೂ, ದಪ್ಪನೆಯ ಅಟ್ಟೆಯ ಒಳಪದರದಿಂದ ನೀರು ಮೇಲ್ಮೈಗೆ ಬರುವುದು ನಿಧಾನವಾದ್ದರಿಂದ ದಿನಗಳೇ ಹಿಡಿಯುತ್ತವೆ. ರಾತ್ರಿ ಯಂತ್ರ ನಿಲ್ಲಿಸಿ ಬೆಳಿಗ್ಗೆ ನೋಡಿದಾಗ ಆರ್ದ್ರತೆ ಏರಿದ್ದರೆ, ಹೊರಗಾಳಿಯ ಜೊತೆಗೆ ಚರ್ಮ ಬಿಟ್ಟ ತೇವವೂ ಅದಕ್ಕೆ ಕಾರಣವಾಗಿರಬಹುದು. ಅವಸರದಿಂದ ಅತಿಯಾಗಿ ಒಣಗಿಸಿದರೆ ಚರ್ಮ ಬಿರುಸಾಗಿ ಬಿರುಕು ಬಿಡುತ್ತದೆ. 50ರಿಂದ 60 ಪ್ರತಿಶತದ ನಡುವೆ ಸ್ಥಿರವಾಗಿ ಇಡುವುದು ಸೂಕ್ತ.

ನಿಪ್ಪಾಣಿಯ ಬೀಡಿ ತಂಬಾಕಿನ ಗೋದಾಮುಗಳಲ್ಲಿ ಅತಿ ಒಣತನವೇ ತೊಂದರೆ. ಎಲೆ ಪುಡಿಯಾಗಿ ದೂಳೇಳುತ್ತದೆ. ಬೆಲ್ಲ ಮತ್ತು ಒಣದ್ರಾಕ್ಷಿಯ ವಿಷಯದಲ್ಲಿ ಗಾಳಿಯಾಡದ ಪೊಟ್ಟಣವೇ ಯಂತ್ರಕ್ಕಿಂತ ಹೆಚ್ಚು ಉಪಯುಕ್ತ.

ಪ್ರವಾಹದ ನಂತರದ ಗೋಡೆಗಳು

2005, 2019 ಮತ್ತು 2021ರಲ್ಲಿ ಕೃಷ್ಣಾ ನದಿ ಉಕ್ಕಿ ಹರಿದಾಗ ಈ ಭಾಗದ ನದಿತೀರದ ಹಳ್ಳಿಗಳಲ್ಲಿ ಮನೆಗಳು ನೀರಿನಲ್ಲಿ ನಿಂತವು. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, ಒಂಬತ್ತು ಅಂಗುಲ ದಪ್ಪದ ಒಂದೇ ಇಟ್ಟಿಗೆ ಗೋಡೆಯ ತೂಕ ಮೂರೂವರೆ ಟನ್‌ಗೂ ಹೆಚ್ಚು. ಅದು ತನ್ನ ತೂಕದ ಹತ್ತನೆಯ ಒಂದು ಭಾಗ ನೀರು ಕುಡಿದಿದ್ದರೆ ಸುಮಾರು 350 ಲೀಟರ್ ಆಯಿತು. ದಿನಕ್ಕೆ 7 ಲೀಟರ್ ತೆಗೆಯುವ ಯಂತ್ರಕ್ಕೆ ಆ ಒಂದು ಗೋಡೆಗೇ ಐವತ್ತು ದಿನ ಬೇಕು. ಗೋಡೆಯ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುವುದರಿಂದ, ಬೇಗ ಬಳಿದ ಬಣ್ಣ ಉದುರಿ ಬಿಳಿ ಉಪ್ಪು ಹೊರಬರುತ್ತದೆ. ಮಣ್ಣಿನ ಗೋಡೆಗಳಿಗೆ ಬಿಸಿಗಾಳಿಯ ಬಲವಂತ ಅಪಾಯಕಾರಿ, ಏಕೆಂದರೆ ಅಸಮವಾಗಿ ಒಣಗಿ ಬಿರಿಯುತ್ತವೆ. ನೀರಿಳಿದ ಮನೆಯಲ್ಲಿ ವಿದ್ಯುತ್ ತಂತಿಗಳನ್ನು ಪರೀಕ್ಷಿಸುವ ಮೊದಲು ಯಾವುದೇ ಯಂತ್ರವನ್ನು ಚಾಲೂ ಮಾಡಬಾರದು.

ಯಂತ್ರವಿಲ್ಲದ ಶುಷ್ಕಕಾರಿಗಳು

ಸಿಲಿಕಾ ಜೆಲ್ 50 ಪ್ರತಿಶತ ಆರ್ದ್ರತೆಯಲ್ಲಿ ತನ್ನ ತೂಕದ ಸುಮಾರು ಕಾಲು ಭಾಗ ನೀರು ಹೀರುತ್ತದೆ. 100 ಗ್ರಾಂ ಪೊಟ್ಟಣ ಹೀರುವುದು 25 ಗ್ರಾಂ. ಮುಚ್ಚಿದ ಡಬ್ಬಿ ಅಥವಾ ಪೆಟ್ಟಿಗೆಗೆ ಇದು ಧಾರಾಳ, ಕೋಣೆಗೆ ನಿರರ್ಥಕ. ತೇವ ತುಂಬಿದ ಜೆಲ್ಲನ್ನು ಸುಮಾರು 120 ಡಿಗ್ರಿಯಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಕ್ಯಾಲ್ಸಿಯಂ ಕ್ಲೋರೈಡ್ ಇದಕ್ಕಿಂತ ಹೆಚ್ಚು ಹೀರಿದರೂ ಕರಗಿ ನೀರಾಗುತ್ತದೆ; ಆ ನೀರು ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಬೇಕು.

ಸಂಕೋಚಕ ಯಂತ್ರದೊಂದಿಗೆ ಹೋಲಿಕೆ

ಫ್ರಿಜ್ಜಿನಂತೆ ತಣ್ಣನೆಯ ಸುರುಳಿಯ ಮೇಲೆ ಆವಿಯನ್ನು ನೀರಾಗಿಸುವ ಸಂಕೋಚಕ ಯಂತ್ರಗಳು ಚಳಿಯಲ್ಲಿ ಹಿಮಗಟ್ಟಿ ಮಂದವಾಗುತ್ತವೆ. ಶುಷ್ಕಕಾರಿ ಯಂತ್ರಗಳಿಗೆ ಆ ತೊಂದರೆಯಿಲ್ಲ. ಆದ್ದರಿಂದ ಅವು ಶೀತಲಗೃಹಗಳಿಗೆ ಮತ್ತು ಆರ್ದ್ರತೆ 40 ಪ್ರತಿಶತಕ್ಕಿಂತ ಕಡಿಮೆ ಇರಬೇಕಾದ ಔಷಧ ತಯಾರಿಕೆಯಂತಹ ಕೆಲಸಗಳಿಗೆ ಹೊಂದುತ್ತವೆ. ಬೆಳಗಾವಿ ಜಿಲ್ಲೆಯ ಮಳೆಗಾಲ ಅಷ್ಟು ತಣ್ಣಗಿರುವುದಿಲ್ಲ. ಹೀಗಾಗಿ ಮನೆ ಮತ್ತು ಸಾಧಾರಣ ದಾಸ್ತಾನು ಕೋಣೆಗಳಿಗೆ ಸಂಕೋಚಕ ಯಂತ್ರವೇ ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ನೀರನ್ನು ತೆಗೆಯುತ್ತದೆ. 600 ವ್ಯಾಟ್‌ನ ಶುಷ್ಕಕಾರಿ ಯಂತ್ರವು ದಿನವಿಡೀ ಓಡಿ 7 ಲೀಟರ್ ತೆಗೆದರೆ, ಲೀಟರಿಗೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚೇ ಖರ್ಚಾಗುತ್ತದೆ.