ವೃಷಣದ ಕ್ಯಾನ್ಸರ್: ಖರ್ಚಿಗೆ ಹೆದರಿ ತಡಮಾಡಬೇಡಿ

ಪ್ರಶ್ನೆ: ತಮ್ಮನಿಗೆ ವೃಷಣದ ಕ್ಯಾನ್ಸರ್ ಅಂತೆ. ಗುಣವಾಗುತ್ತದೆಯೇ? ಖರ್ಚು ಹೇಗೆ ತೂಗಿಸುವುದು?
– ಓದುಗರು, ಕೊಂಢವಾ, ಪುಣೆ

ಉತ್ತರ: ಧೈರ್ಯವಾಗಿರಿ. ಬೇಗ ಪತ್ತೆಯಾದರೆ ಬಹುಪಾಲು ಮಂದಿ ಪೂರ್ತಿ ಗುಣವಾಗುವ ಕ್ಯಾನ್ಸರ್ ಇದು. 1974ರಲ್ಲಿ ಅಮೆರಿಕದ ಡಾ. ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಎಂಬ ಔಷಧ ಸೇರಿಸಿ ಕೊಟ್ಟ ಕೀಮೋ ಚಿಕಿತ್ಸೆ ಈ ರೋಗದ ದಿಕ್ಕನ್ನೇ ಬದಲಿಸಿತು. ಎದೆಯಲ್ಲಿದ್ದ ಇದೇ ಜಾತಿಯ ಗಡ್ಡೆಗೆ ಕ್ರಿಕೆಟಿಗ ಯುವರಾಜ್ ಸಿಂಗ್ 2012ರಲ್ಲಿ ಚಿಕಿತ್ಸೆ ಪಡೆದದ್ದೂ ಅವರ ಬಳಿಯೇ. ಸಿಸ್‌ಪ್ಲಾಟಿನ್ ಇಂದು ನಮ್ಮಲ್ಲಿ ಬೆಲೆ ನಿಯಂತ್ರಣದಲ್ಲಿದೆ. ಆದರೆ ಕೈ ಖಾಲಿ ಮಾಡುವುದು ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಸಂಬಳ ತಪ್ಪಿದ ದಿನಗಳು, ವರ್ಷಗಟ್ಟಲೆಯ ತಪಾಸಣೆ. ಮಹಾರಾಷ್ಟ್ರದ ಪಡಿತರ ಚೀಟಿ ಇದ್ದರೆ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ರೋಗಿಗಳ ನೆರವಿಗಿರುವ ‘ಆರೋಗ್ಯಮಿತ್ರ’ರನ್ನು ಕಾಣಿ. ಕೀಮೋಗೆ ಮೊದಲೇ ವೀರ್ಯ ಶೇಖರಿಸಿಡುವ ಬಗ್ಗೆ ವೈದ್ಯರನ್ನು ನಾಚದೆ ಕೇಳಿ. ದುಡ್ಡು ಹೊಂದಿಸಿಕೊಂಡೇ ಹೋಗೋಣವೆಂದು ಶಸ್ತ್ರಚಿಕಿತ್ಸೆಯನ್ನು ಮಾತ್ರ ಮುಂದೂಡಬೇಡಿ.