ಚಿಲುಮೆಯ ತಂಬಾಕು: ಬಗೆ ಹಲವು, ಹಾನಿ ಒಂದೇ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಹಿರಿಯರಿಗೆ ಚಿಲುಮೆ ಹೊಸದೇನಲ್ಲ. ಆದರೆ ಅಕ್ಬರನ ದರ್ಬಾರಿಗೆ ತಂಬಾಕು ತಲುಪಿದ್ದು ವಿಜಾಪುರದಿಂದ ಎಂಬ ಸಂಗತಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಇಮ್ಮಡಿ ಇಬ್ರಾಹಿಂ ಆದಿಲ್ ಷಾಹಿಯ ಆಳ್ವಿಕೆಯಲ್ಲಿ, 17ನೇ ಶತಮಾನದ ಆರಂಭದಲ್ಲಿ, ಮೊಗಲ್ ರಾಯಭಾರಿ ಅಸದ್ ಬೇಗ್ ವಿಜಾಪುರಕ್ಕೆ ಬಂದಿದ್ದ. ಇಲ್ಲಿ ಕಂಡ ತಂಬಾಕನ್ನು ಕೊಂಡು, ರತ್ನಖಚಿತ ಚಿಲುಮೆಯೊಂದಿಗೆ ಆಗ್ರಾಕ್ಕೆ ಒಯ್ದ. ಅಕ್ಬರ್ ಕುತೂಹಲದಿಂದ ಕೆಲವು ದಮ್ಮು ಎಳೆದ. ಆಸ್ಥಾನದ ಹಕೀಮರು ಪರೀಕ್ಷಿಸದ ವಸ್ತುವನ್ನು ಬಳಸಕೂಡದೆಂದು ತಡೆದರು. ಬಾದಷಹ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ, ಅಮೀರರು ಮಾಡಿಕೊಂಡರು.

ಇಂದು ಪೈಪ್ ಹಿಡಿಯುವ ಹೊಸಬರನ್ನು ಮೊದಲು ಗೊಂದಲಕ್ಕೀಡುಮಾಡುವುದು ತಂಬಾಕಿನ ಬಗೆಗಳು. ವ್ಯತ್ಯಾಸ ಮುಖ್ಯವಾಗಿ ಎಲೆಯ ತಳಿ ಮತ್ತು ಅದನ್ನು ಹದಗೊಳಿಸುವ ವಿಧಾನದಲ್ಲಿದೆ.

ಹುಣಸೂರು, ಪಿರಿಯಾಪಟ್ಟಣ ಭಾಗದಲ್ಲಿ ಬೆಳೆಯುವ ವರ್ಜೀನಿಯಾ ಎಲೆಯನ್ನು ಬ್ಯಾರನ್‌ನಲ್ಲಿ ಕೊಳವೆಗಳ ಶಾಖದಿಂದ ಒಣಗಿಸುತ್ತಾರೆ. ಅದರಲ್ಲಿ ಸಕ್ಕರೆಯ ಅಂಶ ಉಳಿಯುತ್ತದೆ. ಬರ್ಲಿ ಎಲೆ ನೆರಳಿನ ಗಾಳಿಯಲ್ಲಿ ನಿಧಾನವಾಗಿ ಒಣಗುತ್ತದೆ. ಸಕ್ಕರೆ ಬಹುತೇಕ ಇಲ್ಲವಾಗುತ್ತದೆ. ಸಣ್ಣ ಎಲೆಯ ಓರಿಯಂಟಲ್ ಬಿಸಿಲಿನಲ್ಲಿ ಒಣಗಿದರೆ, ಲಟಾಕಿಯಾವನ್ನು ಕಟ್ಟಿಗೆಯ ಹೊಗೆಯಲ್ಲಿ ಹದಗೊಳಿಸಲಾಗುತ್ತದೆ. ಕ್ಯಾವೆಂಡಿಶ್ ಎಂಬುದು ಎಲೆಯ ತಳಿಯಲ್ಲ. ಹಬೆ ಮತ್ತು ಒತ್ತಡದಿಂದ ಎಲೆಯನ್ನು ಮೃದುಗೊಳಿಸುವ ವಿಧಾನ. ವೆನಿಲ್ಲಾ, ಚೆರ್‍ರಿ ಪರಿಮಳದ ಮಿಶ್ರಣಗಳಲ್ಲಿ ಇದರ ಬಳಕೆ ಹೆಚ್ಚು. ಹೊಸಬರು ಸಾಮಾನ್ಯವಾಗಿ ಮರುಳಾಗುವುದು ಇವುಗಳಿಗೇ.

ಪರಿಮಳವು ಬದಲಿಸುವುದು ವಾಸನೆಯನ್ನು ಮಾತ್ರ. ನಿಕೋಟಿನ್ ಅದರಿಂದ ಇಲ್ಲವಾಗುವುದಿಲ್ಲ.

ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೆ ಅಪಾಯವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಸಕ್ಕರೆ ಕಡಿಮೆಯಿರುವ ಎಲೆಯ ಹೊಗೆ ಕ್ಷಾರೀಯ ಗುಣದ್ದು. ಅದರಲ್ಲಿನ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ವರ್ಜೀನಿಯಾದ ಹೊಗೆ ಆಮ್ಲೀಯವಾದ್ದರಿಂದ ಬಾಯಿಯಲ್ಲಿ ನಿಕೋಟಿನ್ ಅಷ್ಟಾಗಿ ಇಳಿಯದು. ಸೇದುವವರು ಅದನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವ ಸಂಭವ ಹೆಚ್ಚು. ದಾರಿ ಬೇರೆಯಾದರೂ ಚಟ ಅಂಟಿಕೊಳ್ಳುತ್ತದೆ. ಪೈಪ್ ಸೇದುವವರಲ್ಲಿ ಬಾಯಿ, ಗಂಟಲು, ಅನ್ನನಾಳ ಹಾಗೂ ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆ ಹೆಚ್ಚೆಂಬುದು ವೈದ್ಯವಿಜ್ಞಾನದಲ್ಲಿ ದೃಢಪಟ್ಟಿದೆ.

ಕಾನೂನೂ ಬಿಗಿಯಾಗಿದೆ. ಕೇಂದ್ರದ 2003ರ ತಂಬಾಕು ನಿಯಂತ್ರಣ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದ್ದು, 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡಿದರೆ 1,000 ರೂಪಾಯಿವರೆಗೆ ದಂಡ ತೆರಬೇಕು.

ನಾಲ್ಕು ಶತಮಾನಗಳ ಹಿಂದೆ ಹಕೀಮರು ಕೇಳಿದ ಪರೀಕ್ಷೆ ಈಗ ಮುಗಿದಿದೆ. ಫಲಿತಾಂಶ ಯಾವ ಬಗೆಯ ತಂಬಾಕಿನ ಪರವಾಗಿಯೂ ಇಲ್ಲ. ಚಟ ಬಿಡಬಯಸುವವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.