ಯಾರನ್ನು ಕೇಳಿದರು? ಯಾರನ್ನು ಬಿಟ್ಟರು?

2023ರ ಮೇ 10ರಂದು ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ ಮತದಾನ ನಡೆಯಿತು. ಸಂಜೆ ಆರೂವರೆಗೆ ಟಿವಿಯಲ್ಲಿ ಎಕ್ಸಿಟ್ ಪೋಲ್ ಶುರುವಾಯಿತು. ಮತದಾನ ಮುಗಿದು ಅರ್ಧ ಗಂಟೆ ಆಗುವವರೆಗೆ ಎಕ್ಸಿಟ್ ಪೋಲ್ ಪ್ರಕಟಿಸಬಾರದು ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಮು ಹೇಳುತ್ತದೆ. ಅದಕ್ಕೇ ಎಲ್ಲ ಚಾನೆಲ್‌ಗಳೂ ಒಂದೇ ಹೊತ್ತಿಗೆ ಶುರು ಮಾಡುತ್ತವೆ. ಹೊತ್ತು ಒಂದೇ ಆದರೂ ಅಂಕಿಗಳು ಒಂದೇ ಆಗಿರಲಿಲ್ಲ. ಇಂಡಿಯಾ ಟುಡೇ–ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್‌ಗೆ 122ರಿಂದ 140 ಸ್ಥಾನ ಎಂದಿತು. ನ್ಯೂಸ್ ನೇಷನ್–ಸಿಜಿಎಸ್ ಕಾಂಗ್ರೆಸ್‌ಗೆ 86 ಕೊಟ್ಟು ಬಿಜೆಪಿಗೆ 114 ಕೊಟ್ಟಿತು. ಸುವರ್ಣ ನ್ಯೂಸ್–ಜನ್ ಕಿ ಬಾತ್ ಬಿಜೆಪಿಗೆ 94ರಿಂದ 117 ಎಂದಿತು. ಮೂರು ದಿನ ಬಿಟ್ಟು ಎಣಿಕೆ ನಡೆದಾಗ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಬಂದವು.

ಫಲಿತಾಂಶ ಬಂದ ಮೇಲೆ ಯಾರು ಸರಿ ಎಂದು ಯಾರು ಬೇಕಾದರೂ ಹೇಳಬಹುದು. ಎಣಿಕೆಗೆ ಮುಂಚೆ ಆ ಮೂರು ದಿನ ಯಾವ ಅಂಕಿಯನ್ನು ಎಷ್ಟು ನಂಬಬೇಕು ಎಂದು ತಿಳಿಯಲು ದಾರಿ ಇದೆಯೇ? ಸಂಖ್ಯಾಶಾಸ್ತ್ರ ತೆಗೆದುಕೊಂಡಿರುವ ನಮಗೆ ಈ ಪ್ರಶ್ನೆ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂದು ಹಿರಿಯರು ಹೇಳುತ್ತಾರೆ. ಸಮೀಕ್ಷೆಯವರ ನಂಬಿಕೆಯೂ ಇದೇ. ಐದು ಕೋಟಿ ಮತದಾರರನ್ನು ಕೇಳಬೇಕಾಗಿಲ್ಲ, ಕೆಲವು ಸಾವಿರ ಜನರನ್ನು ಕೇಳಿದರೆ ಸಾಕು. ಆದರೆ ನಮ್ಮ ಕಡೆ ಮದುವೆಯಲ್ಲಿ ದೊಡ್ಡ ದೇಗ್‌ನಲ್ಲಿ ಬಿರಿಯಾನಿ ಮಾಡುವ ಬಾವರ್ಚಿಯನ್ನು ಗಮನಿಸಿ. ಆತ ಮೇಲಿನ ಅಗುಳು ಮುಟ್ಟಿ ನೋಡಿ ಒಲೆ ಆರಿಸುವುದಿಲ್ಲ. ಸೌಟನ್ನು ಅಂಚಿನಿಂದ ತಳದವರೆಗೆ ಇಳಿಸಿ ಎತ್ತಿ ನೋಡುತ್ತಾನೆ. ಮೇಲೆ ಬೆಂದಿರಬಹುದು, ತಳ ಹಿಡಿದಿರಬಹುದು. ಒಂದು ಅಗುಳು ಸಾಕು ಎನ್ನುವ ಮಾತು ಚೆನ್ನಾಗಿ ತಿರುವಿದ ಅನ್ನಕ್ಕೆ ಮಾತ್ರ ಹೊಂದುತ್ತದೆ. ಊರು ತಿರುವಿದ ಅನ್ನವಲ್ಲ. ಒಂದು ಕಡೆ ಕಾಫಿ ತೋಟದ ಮನೆ, ಇನ್ನೊಂದು ಕಡೆ ಕೂಲಿ ಲೈನು, ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿಯವರು, ಕಾಡಿನ ಒಳಗೆ ಎರಡು ಮೂರು ಮನೆಗಳ ಹಳ್ಳಿ. ಇವು ಬೇರೆ ಬೇರೆ ಪದರಗಳು.

ಎಷ್ಟು ಜನರನ್ನು ಕೇಳಿದರು ಎಂಬುದಕ್ಕೆ ಒಂದು ಸುಲಭ ಲೆಕ್ಕ ಇದೆ. ದ್ವಿತೀಯ ಪಿಯುಸಿಯಲ್ಲಿ ಬರುವ ಪ್ರಮಾಣ ದೋಷದ ಸೂತ್ರವನ್ನು ಸರಳ ಮಾಡಿದರೆ, ಕೇಳಿದವರ ಸಂಖ್ಯೆಯ ವರ್ಗಮೂಲ ತೆಗೆದು ಅದರಿಂದ 1ನ್ನು ಭಾಗಿಸಿದರೆ ಆಯಿತು. 1000 ಜನರನ್ನು ಕೇಳಿದರೆ ಸುಮಾರು 0.03, ಅಂದರೆ ಶೇ. 3ರಷ್ಟು ಆಚೀಚೆ. ಸಮೀಕ್ಷೆ ಶೇ. 40 ಎಂದರೆ ನಿಜವಾದ ಅಂಕಿ 37ರಿಂದ 43ರ ನಡುವೆ ಎಲ್ಲೋ ಇರುವ ಸಂಭವ ಹೆಚ್ಚು. 4000 ಜನರನ್ನು ಕೇಳಿದರೆ ಇದು ಶೇ. 1.6ಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ಕೆಲಸ ಮಾಡಿದರೆ ದೋಷ ಅರ್ಧ ಮಾತ್ರ ಆಗುತ್ತದೆ. 2023ರಲ್ಲಿ ಮತದಾನಕ್ಕೆ ಮುಂಚೆಯೇ ‘ಈದಿನ’ ಜಾಲತಾಣ 41 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಕಾಂಗ್ರೆಸ್‌ಗೆ 132ರಿಂದ 140 ಎಂದಿತ್ತು. ಈ ಲೆಕ್ಕದಲ್ಲಿ ಅದರ ದೋಷ ಶೇ. ಅರ್ಧದಷ್ಟು.

ಹಾಗಾದರೆ ದೊಡ್ಡ ಸಮೀಕ್ಷೆಯೇ ಒಳ್ಳೆಯ ಸಮೀಕ್ಷೆಯೇ? ಅಲ್ಲ. ಈ ಸೂತ್ರ ಆಕಸ್ಮಿಕವಾಗಿ ಬರುವ ದೋಷವನ್ನು ಮಾತ್ರ ಅಳೆಯುತ್ತದೆ. ಅಮೆರಿಕದಲ್ಲಿ 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ತೆಗೆದುಕೊಂಡದ್ದು ಟೆಲಿಫೋನ್ ಪುಸ್ತಕ, ಕಾರು ಇರುವವರ ಪಟ್ಟಿ ಇಂಥವುಗಳಿಂದ. ಆ ಬಡತನದ ಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿ ಇದ್ದವು ಎಂದು ಯೋಚಿಸಿ. ಕಾರ್ಡನ್ನು ವಾಪಸ್ ಕಳಿಸುವ ಶ್ರಮ ತೆಗೆದುಕೊಂಡವರೂ ಎಲ್ಲರಂತೆ ಇರಲಿಲ್ಲ. ಅದಕ್ಕಿಂತ ಬಹಳ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಯಾರು ಗೆಲ್ಲುತ್ತಾರೆ ಎಂದು ಸರಿಯಾಗಿ ಹೇಳಿದ್ದರು. ತಪ್ಪು ಜನರನ್ನು ಲಕ್ಷಗಟ್ಟಲೆ ಕೇಳಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ನಮ್ಮ ಕಾಲೇಜಿನಲ್ಲೇ ಒಂದು ಸಮೀಕ್ಷೆ ಮಾಡುತ್ತೇವೆ ಎಂದುಕೊಳ್ಳೋಣ. ವಿಷಯ, ಕಾಲೇಜಿಗೆ ಬರಲು ನಿಮಗೆ ಎಷ್ಟು ಹೊತ್ತು ಬೇಕು. ಮೊದಲ ಬೆಲ್ಲಿಗೆ ಕಾಲು ಗಂಟೆ ಮುಂಚೆ ಗೇಟಿನಲ್ಲಿ ನಿಂತು 50 ಜನರನ್ನು ಕೇಳಿದರೆ ಸಿಗುವವರು ಪೇಟೆಯವರು, ಹತ್ತಿರದವರು. ಶೃಂಗೇರಿ ಕಡೆಯಿಂದಲೋ ನರಸಿಂಹರಾಜಪುರ ಕಡೆಯಿಂದಲೋ ಎರಡು ಬಸ್ ಬದಲಿಸಿ ಬರುವವರು ಆಗ ಇನ್ನೂ ದಾರಿಯಲ್ಲಿ ಇರುತ್ತಾರೆ. ನೂರು ಜನರನ್ನು ಕೇಳಿ, ಇನ್ನೂರು ಜನರನ್ನು ಕೇಳಿ, ಅದೇ ಹೊತ್ತಿಗೆ ಅದೇ ಗೇಟಿನಲ್ಲಿ ನಿಂತರೆ ಉತ್ತರ ಬದಲಾಗುವುದಿಲ್ಲ. ಮಳೆಗಾಲದಲ್ಲಿ ಮಾಡಿದರಂತೂ ದೂರದವರು ಅವತ್ತು ಬಂದೇ ಇರುವುದಿಲ್ಲ! ಫೋನಿನಲ್ಲಿ ಮಾಡುವ ಸಮೀಕ್ಷೆಗೂ ಹೀಗೇ ಒಂದು ಗೇಟು ಇದೆ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಮನೆಯವರು ಆ ಗೇಟಿನ ಹೊರಗೆ ಉಳಿಯುತ್ತಾರೆ.

ಕೇಳಿದರೂ ನಿಜ ಹೇಳಬೇಕಲ್ಲ. ನಮ್ಮ ದಾದಿ ಪ್ರತಿ ಚುನಾವಣೆಯಲ್ಲೂ ಬೆಳಿಗ್ಗೆಯೇ ಹೋಗಿ ಮತ ಹಾಕಿ ಬರುತ್ತಾರೆ. ಯಾರಿಗೆ ಎಂದು ಮನೆಯವರು ಕೇಳಿದರೂ ‘ಕಿಸ್ಕೂ ನಕ್ಕೊ ಬೋಲೊ’ ಎನ್ನುತ್ತಾರೆ. ಯಾರಿಗೂ ಹೇಳಬಾರದು ಅಂತ. ಇಂಥವರ ಮುಂದೆ ಗುರುತಿಲ್ಲದ ಹುಡುಗನೊಬ್ಬ ಟ್ಯಾಬ್ ಹಿಡಿದು ನಿಂತರೆ ಮೂರರಲ್ಲಿ ಒಂದು ಆಗುತ್ತದೆ. ದಾದಿ ಸುಮ್ಮನಿರುತ್ತಾರೆ, ಅಥವಾ ಅವನಿಗೆ ಇಷ್ಟವಾಗುವ ಉತ್ತರ ಹೇಳಿ ಕಳಿಸುತ್ತಾರೆ, ಅಥವಾ ಅಬ್ಬಾ ಬಾಗಿಲಿಗೆ ಬಂದು ಎಲ್ಲರ ಪರವಾಗಿ ತಾವೇ ಉತ್ತರ ಕೊಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂದು ನಾನು ಹೇಳುವುದಿಲ್ಲ. ಊರಿನಲ್ಲಿ ಕಡಿಮೆ ಸಂಖ್ಯೆಯಲ್ಲಿ ಇರುವ ಯಾರಿಗೇ ಆದರೂ, ಧಣಿಯ ಲೈನಿನಲ್ಲಿ ವಾಸ ಮಾಡುವ ಯಾರಿಗೇ ಆದರೂ, ಈ ಅಂಜಿಕೆ ಸಹಜ. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ತಂಡದವರು ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಬಾಯಲ್ಲಿ ಹೇಳಿಸುವುದಿಲ್ಲ, ಮತಪತ್ರದಂಥ ಕಾಗದ ಕೊಟ್ಟು ಗುರುತು ಹಾಕಿ ಒಂದು ಡಬ್ಬಿಗೆ ಹಾಕಿ ಎನ್ನುತ್ತಾರೆ. ಸಮೀಕ್ಷೆಯ ವರದಿಯಲ್ಲಿ ಇಂಥ ವಿವರ ಕಂಡರೆ ನನಗೆ ಅದರ ಮೇಲೆ ಸ್ವಲ್ಪ ಗೌರವ ಹೆಚ್ಚಾಗುತ್ತದೆ.

ಇಷ್ಟೆಲ್ಲ ಸರಿ ಮಾಡಿ ಮತಗಳ ಪಾಲನ್ನು ಸರಿಯಾಗಿ ಹಿಡಿದರೂ ಸ್ಥಾನಗಳ ಲೆಕ್ಕ ತಪ್ಪಬಹುದು. 2018ರಲ್ಲಿ ನಮ್ಮ ರಾಜ್ಯದಲ್ಲೇ ಕಾಂಗ್ರೆಸ್‌ಗೆ ಸುಮಾರು ಶೇ. 38 ಮತ ಬಂತು, ಬಿಜೆಪಿಗೆ ಸುಮಾರು ಶೇ. 36. ಆದರೆ ಸ್ಥಾನ ಕಾಂಗ್ರೆಸ್‌ಗೆ 80, ಬಿಜೆಪಿಗೆ 104. ಒಂದು ಪಕ್ಷದ ಮತ ರಾಜ್ಯದ ತುಂಬ ಹರಡಿಕೊಂಡಿತ್ತು, ಇನ್ನೊಂದರದು ಕೆಲವು ಜಿಲ್ಲೆಗಳಲ್ಲಿ ಒಟ್ಟಾಗಿತ್ತು. ಟಿವಿಯವರು ತೋರಿಸುವುದು ಸ್ಥಾನಗಳನ್ನು, ಜನರನ್ನು ಕೇಳಿ ತಿಳಿಯುವುದು ಮತಗಳನ್ನು. ನಡುವೆ ಇರುವ ಸೇತುವೆಯನ್ನು ಪ್ರತಿ ಕಂಪನಿಯೂ ತನ್ನ ಅಂದಾಜಿನಿಂದ ಕಟ್ಟುತ್ತದೆ, ಅದು ಹೇಗೆ ಎಂದು ಹೆಚ್ಚಿನವರು ಹೇಳುವುದೂ ಇಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿದ ನಮ್ಮ ಶೃಂಗೇರಿ ಕ್ಷೇತ್ರವನ್ನೇ ತೆಗೆದುಕೊಳ್ಳಿ. 2023ರಲ್ಲಿ ಎಣಿಕೆಯ ದಿನ ಘೋಷಣೆಯಾದ ಅಂತರ 201 ಮತ. ಟಿ.ಡಿ. ರಾಜೇಗೌಡರು ಡಿ.ಎನ್. ಜೀವರಾಜ್ ಅವರ ಎದುರು ಗೆದ್ದರು. ಚಲಾವಣೆಯಾದದ್ದು ಸುಮಾರು 1.4 ಲಕ್ಷ ಮತ. ಅಂದರೆ ಸಾವಿರಕ್ಕೆ ಒಂದೂವರೆ ಮತದಷ್ಟು ವ್ಯತ್ಯಾಸ. ಇದನ್ನು ಸಮೀಕ್ಷೆಯಿಂದ ಹಿಡಿಯಲು ದೋಷವನ್ನು ಶೇ. 0.1ಕ್ಕೆ ಇಳಿಸಬೇಕು ಎಂದುಕೊಂಡು ಲೆಕ್ಕ ಹಾಕಿದೆ. ಸೂತ್ರದ ಪ್ರಕಾರ ಸುಮಾರು 10 ಲಕ್ಷ ಜನರನ್ನು ಕೇಳಬೇಕು! ಅಷ್ಟು ಮತದಾರರು ಕ್ಷೇತ್ರದಲ್ಲೇ ಇಲ್ಲ. ಸಣ್ಣ ಸಮೂಹಕ್ಕೆ ಮಾಡುವ ತಿದ್ದುಪಡಿ ಮಾಡಿದರೂ ಸುಮಾರು 1.2 ಲಕ್ಷ ಜನರನ್ನು ಕೇಳಬೇಕಾಗುತ್ತದೆ. ಅದರ ಬದಲು ಚುನಾವಣೆಯನ್ನೇ ಇನ್ನೊಮ್ಮೆ ಮಾಡಬಹುದು. ಆದ್ದರಿಂದ 2028ರಲ್ಲಿ ಯಾರಾದರೂ ‘ಶೃಂಗೇರಿಯಲ್ಲಿ ಇಂಥವರೇ’ ಎಂದು ಸಮೀಕ್ಷೆ ತೋರಿಸಿದರೆ, ಇಲ್ಲಿ ಎಷ್ಟು ಜನರನ್ನು ಕೇಳಿದಿರಿ ಎಂದು ಮೊದಲು ಕೇಳಬೇಕು. ಆಗ ನಮಗೂ ಮತ ಇರುತ್ತದೆ.

ಹಿಂದೆ ಸರಿಯಾಗಿ ಹೇಳಿದ ಕಂಪನಿಯನ್ನು ನಂಬಿದರೆ ಸಾಲದೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. 2023ರಲ್ಲಿ ಕರ್ನಾಟಕವನ್ನು ಸರಿಯಾಗಿ ಹೇಳಿದ ಆಕ್ಸಿಸ್ ಮೈ ಇಂಡಿಯಾ 2024ರ ಲೋಕಸಭೆ ಚುನಾವಣೆಯಲ್ಲಿ ಸುಮಾರು 5.8 ಲಕ್ಷ ಜನರನ್ನು ಕೇಳಿದ್ದೇವೆ ಎಂದು ಹೇಳಿ ಎನ್‌ಡಿಎಗೆ 361ರಿಂದ 401 ಕೊಟ್ಟಿತು. ಬಂದದ್ದು 293. ವಾಣಿಜ್ಯ ವಿಭಾಗದವರು ಇದರ ಮುಂದಿನ ಭಾಗವನ್ನು ನೆನಪಿಟ್ಟುಕೊಳ್ಳಬೇಕು. ಎಕ್ಸಿಟ್ ಪೋಲ್ ಬಂದದ್ದು ಜೂನ್ 1ರ ಶನಿವಾರ. ಸೋಮವಾರ ಸೆನ್ಸೆಕ್ಸ್ 2,500ಕ್ಕೂ ಹೆಚ್ಚು ಅಂಶ ಏರಿತು. ಮಂಗಳವಾರ ಎಣಿಕೆ ಶುರುವಾದ ಮೇಲೆ ಸುಮಾರು 4,390 ಅಂಶ ಬಿತ್ತು. ಸೋಮವಾರ ಷೇರು ಕೊಂಡವನು ಕೊಂಡದ್ದು ಕಂಪನಿಯ ಲಾಭವನ್ನು ನೋಡಿ ಅಲ್ಲ, ಒಂದು ಸಮೀಕ್ಷೆಯ ಅಂಕಿಯನ್ನು ನೋಡಿ. ಅಂಕಿ ತಪ್ಪಾದಾಗ ಟಿವಿಯವರು ಮರುದಿನ ಬೇರೆ ಚರ್ಚೆಗೆ ಹೋಗುತ್ತಾರೆ, ದುಡ್ಡು ಹಾಕಿದವನು ಹೋಗಲು ಆಗುವುದಿಲ್ಲ.

ಸಮೀಕ್ಷೆಯೇ ನಡೆಯದೆ ಬರುವ ಅಂಕಿಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. 2018ರ ಚುನಾವಣೆಗೆ ಮುಂಚೆ ಬಿಬಿಸಿ ಸಮೀಕ್ಷೆ ಎಂದು ಒಂದು ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡಿತು, ಬಿಜೆಪಿಗೆ 135 ಸ್ಥಾನ ಅಂತ. ಕೆಳಗೆ ಬಿಬಿಸಿಯ ಲಿಂಕ್ ಕೂಡ ಇತ್ತು, ಒತ್ತಿದರೆ ಅವರ ಮುಖಪುಟಕ್ಕೆ ಹೋಗುತ್ತಿತ್ತು. ಸಮೀಕ್ಷೆ ಮಾತ್ರ ಅಲ್ಲಿ ಇರಲಿಲ್ಲ. ಇದು ಸುಳ್ಳು, ಭಾರತದಲ್ಲಿ ನಾವು ಚುನಾವಣಾ ಪೂರ್ವ ಸಮೀಕ್ಷೆ ಮಾಡಿಸುವುದೇ ಇಲ್ಲ ಎಂದು ಬಿಬಿಸಿ ಹೇಳಬೇಕಾಯಿತು. ಫ್ಯಾಮಿಲಿ ಗ್ರೂಪಿನಲ್ಲಿ ಇಂಥದ್ದು ಬಂದಾಗ ನಾನು ನೋಡುವುದು ನಾಲ್ಕೇ ವಿಷಯ: ಯಾರು ಮಾಡಿದರು, ಯಾರ ದುಡ್ಡು, ಯಾವ ತಾರೀಕಿನಲ್ಲಿ, ಯಾರನ್ನು ಹೇಗೆ ಕೇಳಿದರು. ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ಮುಂದೆ ಕಳಿಸುವುದಿಲ್ಲ. ಮಾಮು ಅವರಿಗೆ ಸ್ವಲ್ಪ ಬೇಜಾರಾಗುತ್ತದೆ, ಪರವಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸ್ಯಾಂಪಲ್ ಬಗ್ಗೆ. ಎಲ್ಲರನ್ನೂ ಕೇಳುವ ಸಮೀಕ್ಷೆಯಲ್ಲಿ ಈ ತೊಂದರೆ ಇರಬಾರದಲ್ಲ? 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಮನೆ ಮನೆಯಲ್ಲೂ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮಾಡಿಸಿತು. ಶಾಲೆಯ ಶಿಕ್ಷಕರು ಮೊಬೈಲ್ ಹಿಡಿದು ಬಂದರು. ಪ್ರಶ್ನೆಗಳು 60. ಉತ್ತರ ಕೊಡುವುದು ಜನರ ಇಷ್ಟಕ್ಕೆ ಬಿಟ್ಟದ್ದು, ಒತ್ತಾಯ ಮಾಡಬಾರದು ಎಂದು ಹೈಕೋರ್ಟ್ ಹೇಳಿತು. ಅಂದರೆ ಇಲ್ಲೂ ಬಾಗಿಲು ತೆರೆಯುವ ಮನೆ, ತೆರೆಯದ ಮನೆ ಎಂಬ ವ್ಯತ್ಯಾಸ ಬಂತು. ನಮ್ಮಂಥವರ ಓದು, ಕೆಲಸ, ಮನೆ ಹೇಗಿದೆ ಎಂದು ಸರ್ಕಾರ ಮುಂದೆ ಮಾತಾಡುವುದು ಇಂಥ ಅಂಕಿಗಳನ್ನು ಇಟ್ಟುಕೊಂಡೇ. ಅದಕ್ಕೆ ನಮ್ಮ ಮನೆಗೆ ಮೇಡಂ ಬಂದಾಗ ನಾನು ಪಕ್ಕದಲ್ಲೇ ಕೂತಿದ್ದೆ.

ಉತ್ತರ ಕೊಡುತ್ತಿದ್ದವರು ಅಬ್ಬಾ. ಅಮ್ಮಿಯ ಹೆಸರು, ವಯಸ್ಸು, ಓದು ಆದ ಮೇಲೆ ಕೆಲಸ ಏನು ಎಂದು ಮೇಡಂ ಕೇಳಿದರು. ‘ಏನಿಲ್ಲ ಮೇಡಂ, ಮನೆಯಲ್ಲೇ ಇರ್ತಾರೆ’ ಎಂದರು ಅಬ್ಬಾ. ಒಳಗಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಓಡುತ್ತಲೇ ಇತ್ತು. ಅಮ್ಮಿ ತಿಂಗಳಿಗೆ ಮೂವತ್ತು ನಲವತ್ತು ಬ್ಲೌಸ್, ಚೂಡಿದಾರ್ ಹೊಲಿಯುತ್ತಾರೆ, ನನ್ನ ಕಾಲೇಜು ಫೀಸಿನಲ್ಲಿ ಅರ್ಧ ಅದೇ ದುಡ್ಡು. ‘ಅಬ್ಬಾ, ಅಮ್ಮಿ ಟೈಲರಿಂಗ್ ಮಾಡ್ತಾರಲ್ಲ’ ಎಂದೆ. ಮೇಡಂ ಬಾಗಿಲ ಕಡೆ ತಿರುಗಿ ನೋಡಿ, ಮಿಷನ್ ಸದ್ದು ಕೇಳಿ ನಕ್ಕರು. ಬೆರಳಿನಿಂದ ಪರದೆಯನ್ನು ಹಿಂದಕ್ಕೆ ಸರಿಸಿ, ಮೊದಲು ಒತ್ತಿದ್ದನ್ನು ತೆಗೆದು, ಇನ್ನೊಂದನ್ನು ಒತ್ತಿದರು.